ನಲವತ್ತಮೂರರಲ್ಲಿ ಹದಿನಾರರ ಕಥೆ

ಓದುಗರ ಪತ್ರ

ಹಾಸನದ ಓದುಗರೊಬ್ಬರು ತಮ್ಮ ಹೆಸರನ್ನು ಅಚ್ಚುಮಾಡಬಾರದೆಂಬ ಕೋರಿಕೆಯೊಂದಿಗೆ ನಾಲ್ಕು ಪುಟಗಳ ಪತ್ರ ಕಳುಹಿಸಿದ್ದಾರೆ. ಅವರಿಗೆ 43 ವರ್ಷ, ಬ್ಯಾಂಕಿನಲ್ಲಿ ಕೆಲಸ. ದ್ವಿತೀಯ ಪಿಯುಸಿ ಓದುತ್ತಿರುವ ಮಗಳು ಕೂಡಿಟ್ಟುಕೊಂಡಿರುವ ‘ಕಿಮಿ ನಿ ತೊದೊಕೆ’ ಎಂಬ ಜಪಾನಿ ಮಾಂಗಾದ, ಅಂದರೆ ಚಿತ್ರಕಥಾ ಸರಣಿಯ, ಇಂಗ್ಲಿಷ್ ಅನುವಾದವನ್ನು ಒಂದು ರಾತ್ರಿ ನಿದ್ದೆ ಬಾರದೆ ತೆರೆದವರು, ಎರಡು ತಿಂಗಳಲ್ಲಿ 30 ಸಂಪುಟಗಳನ್ನೂ ಮುಗಿಸಿದ್ದಾರೆ. ಮಗಳು ಮಲಗಿದ ಮೇಲೆ ತೆಗೆದು, ಬೆಳಗಾಗುವುದರೊಳಗೆ ಇದ್ದಲ್ಲೇ ಇಟ್ಟುಬಿಡುವುದು ಅವರ ರೂಢಿ. ಪತಿ ಒಮ್ಮೆ ಕಂಡು, ‘ಮತ್ತೆ ಲಂಗ ದಾವಣಿ ಉಡುವ ಆಸೆಯೋ?’ ಎಂದು ನಕ್ಕರಂತೆ. ಅವರು ಕೇಳಿರುವುದು ಮೂರು ಪ್ರಶ್ನೆ. ಇದು ಮನಸ್ಸು ಬಲಿಯದಿರುವುದರ ಲಕ್ಷಣವೇ? ಎಳೆಯರ ಪ್ರೇಮಕಥೆಯನ್ನು ವಯಸ್ಸಾದವರು ಸವಿಯುವುದು ತಪ್ಪಲ್ಲವೇ? ಮಗಳಿಗೆ ಹೇಳಲೇ, ಬೇಡವೇ?

ಸಂಪಾದಕರ ಉತ್ತರ

ಪ್ರಿಯ ಓದುಗರೇ,

ನಿಮ್ಮ ಪತ್ರದಲ್ಲಿ ‘ನಾಚಿಕೆ’ ಎಂಬ ಮಾತು ಏಳು ಕಡೆ ಬಂದಿದೆ. ಮೂರನೆಯ ಪುಟದ ಅಂಚಿನಲ್ಲಿ, ಆಮೇಲೆ ನೆನಪಾಗಿ ಸೇರಿಸಿದಂತೆ, ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿದೆ: ‘ಸವಾಕೊಗಿಂತ ಕುರುಮಿಗಾಗಿಯೇ ಹೆಚ್ಚು ಅತ್ತೆ, ಯಾಕೆಂದು ತಿಳಿಯಲಿಲ್ಲ.’ ಏಳು ಸಲ ಬಂದ ಮಾತನ್ನು ಸದ್ಯಕ್ಕೆ ಬದಿಗಿಟ್ಟು, ಅಂಚಿನ ಆ ಒಂದು ಸಾಲನ್ನು ಹಿಡಿದುಕೊಂಡೇ ಉತ್ತರ ಬರೆಯುತ್ತೇನೆ. ನಿಮ್ಮ ಮೊದಲ ಪ್ರಶ್ನೆಯ ಉತ್ತರವನ್ನು ನೀವೇ ಅಲ್ಲಿ ಬರೆದಿಟ್ಟಿದ್ದೀರಿ.

ಈ ಕಥೆಯನ್ನು ಓದದವರಿಗಾಗಿ ಸ್ವಲ್ಪ ವಿವರ ಬೇಕು. ಕರುಹೊ ಷೀನಾ ಅವರ ಈ ಮಾಂಗಾ ಷೂಯೇಷಾ ಪ್ರಕಾಶನದ ‘ಬೆಸ್ಸತ್ಸು ಮಾರ್ಗರೆಟ್’ ಮಾಸಿಕದಲ್ಲಿ 2005ರಲ್ಲಿ ಬಿಡಿಕಥೆಯಾಗಿ ಕಾಣಿಸಿಕೊಂಡು, ಧಾರಾವಾಹಿಯಾಗಿ ಬೆಳೆದು, 2017ರಲ್ಲಿ ಮುಗಿಯಿತು. ಹೆಸರಿನ ಅರ್ಥ ‘ನಿನ್ನನ್ನು ತಲುಪಲಿ’ ಎಂದು. ನಾಯಕಿ ಸವಾಕೊ ಕುರೋನುಮಾ ಉದ್ದ ಕಪ್ಪು ಕೂದಲಿನ, ಹಸನಾಗಿ ನಗಲು ಬಾರದ ಹುಡುಗಿ. ಪ್ರಸಿದ್ಧ ಭಯಾನಕ ಚಿತ್ರವೊಂದರ ಸದಾಕೊ ಎಂಬ ದೆವ್ವವನ್ನು ಹೋಲುತ್ತಾಳೆಂದು ಸಹಪಾಠಿಗಳು ಅವಳನ್ನು ಆ ಹೆಸರಿನಿಂದಲೇ ಕರೆದು ದೂರವಿಟ್ಟಿರುತ್ತಾರೆ. ತರಗತಿಯ ಕಣ್ಮಣಿಯಾದ ಕಜೆಹಾಯಾ ಮಾತ್ರ ಅವಳೊಡನೆ ಎಲ್ಲರೊಡನೆ ಮಾತಾಡುವಂತೆಯೇ ಮಾತಾಡುತ್ತಾನೆ. ಅಲ್ಲಿಂದ ಶುರುವಾದದ್ದು ಇಬ್ಬರೂ ಬಾಯಿಬಿಟ್ಟು ಹೇಳಿಕೊಳ್ಳುವ ಹಂತಕ್ಕೆ ಬರಲು ಸುಮಾರು ಹತ್ತು ಸಂಪುಟಗಳು ಹಿಡಿಯುತ್ತವೆ. ನಡುವೆ ಬರುವವಳು ಕುರುಮಿ: ನೋಡಲು ಗೊಂಬೆಯಂಥವಳು, ಕಜೆಹಾಯಾನನ್ನು ಮೊದಲಿನಿಂದಲೂ ಬಯಸಿದವಳು, ಸವಾಕೊಳ ಗೆಳತಿಯರ ಬಗ್ಗೆ ಇಲ್ಲದ ಸುದ್ದಿ ಹಬ್ಬಿಸಿ ಅದನ್ನು ಸವಾಕೊಳೇ ಹೇಳಿದಳೆಂದು ತೋರುವಂತೆ ಮಾಡಿದವಳು. ಕೊನೆಗೆ ಸಿಕ್ಕಿಬಿದ್ದು, ಕಜೆಹಾಯಾನ ಎದುರು ನಿಂತು ತನ್ನ ಮನಸ್ಸನ್ನು ಹೇಳಿ, ‘ಇಲ್ಲ’ ಅನ್ನಿಸಿಕೊಳ್ಳುತ್ತಾಳೆ.

ನಿಮ್ಮ ಮಗಳ ಪಾಲಿಗೆ ಕುರುಮಿ ಕೇವಲ ಖಳನಾಯಕಿ ಎಂದು ಬರೆದಿದ್ದೀರಿ. ಹದಿನೇಳರ ಓದಿಗೆ ಅದು ತಕ್ಕುದೇ ಆಗಿದೆ. ಆ ವಯಸ್ಸಿನ ಓದುಗರು ಸವಾಕೊಳ ಕೈ ಹಿಡಿದುಕೊಂಡೇ ನಡೆಯುತ್ತಾರೆ, ಏಕೆಂದರೆ ನಾಳೆ ತಮಗೂ ಹೀಗೆ ಆಗಬಹುದು ಎಂಬ ನಿರೀಕ್ಷೆ ಅವರಿಗಿದೆ. ನೀವು ಅದೇ ಪುಟವನ್ನು ಇನ್ನೊಂದು ಮಗ್ಗುಲಿನಿಂದ ನೋಡಿದ್ದೀರಿ: ಒಳ್ಳೆಯತನಕ್ಕೆ ಪ್ರತಿಫಲ ಸಿಕ್ಕೇ ಸಿಗುತ್ತದೆಂಬ ನಂಬಿಕೆಯ ಮೇಲೆ ನಿಂತ ಕಥೆಯಲ್ಲಿ, ತಪ್ಪು ಮಾಡಿ, ಒಪ್ಪಿಕೊಂಡು, ಸೋತು, ಮರುದಿನ ಬೆಳಿಗ್ಗೆ ಅದೇ ಶಾಲೆಗೆ ಬಂದು ಕೂರಬೇಕಾದ ಹುಡುಗಿಯೊಬ್ಬಳಿದ್ದಾಳೆ ಎಂಬುದು ನಿಮ್ಮ ಕಣ್ಣಿಗೆ ಬಿದ್ದಿದೆ. ಬಯಸಿದ್ದು ಬೇರೆಯವರ ಪಾಲಾದ ಮೇಲೂ ಅವರೊಡನೆಯೇ ದಿನ ಕಳೆಯಬೇಕಾದ ಸ್ಥಿತಿ ಎಂಥದೆಂದು ನಲವತ್ತು ದಾಟಿದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಬಲಿಯದ ಮನಸ್ಸಿಗೆ ಕುರುಮಿ ಕಾಣುವುದಿಲ್ಲ. ಮೊದಲ ಪ್ರಶ್ನೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನೀವು ಇನ್ನೊಂದು ಮಾತು ಸೇರಿಸಿದ್ದೀರಿ. ‘ಇದು ಚಿಕ್ಕವರಿಗಾಗಿ ಮಾಡಿದ್ದು, ನನಗಲ್ಲ’ ಎಂಬ ಆ ಮಾತಿನ ಬಗ್ಗೆ ನನ್ನ ತಕರಾರಿದೆ.

ಜಪಾನಿನಲ್ಲಿ ‘ಷೋಜೋ’, ಅಂದರೆ ಹುಡುಗಿಯರ ಮಾಂಗಾ, ಎಂಬ ಹಣೆಪಟ್ಟಿ ಮೂಲತಃ ಪತ್ರಿಕೆಯದು. ಒಂದು ಕಥೆ ಯಾವ ವಯಸ್ಸಿನವರ ಬಗ್ಗೆ ಎಂಬುದಕ್ಕಿಂತ, ಅದು ಯಾವ ಪತ್ರಿಕೆಯಲ್ಲಿ ಅಚ್ಚಾಯಿತು ಎಂಬುದರ ಮೇಲೆ ವಿಭಾಗ ನಿಲ್ಲುತ್ತದೆ. ಪ್ರೌಢಶಾಲೆಯ ಹುಡುಗಿಯೊಬ್ಬಳು ಕಾರುತಾ ಎಂಬ ಪದ್ಯದೆಲೆಗಳ ಆಟದಲ್ಲಿ ಮುಳುಗುವ ‘ಚಿಹಾಯಾಫುರು’ 2007ರಿಂದ 2022ರವರೆಗೆ, 50 ಸಂಪುಟಗಳಷ್ಟು ದೀರ್ಘವಾಗಿ ಪ್ರಕಟವಾದದ್ದು ‘ಬಿ ಲವ್’ ಎಂಬ ವಯಸ್ಕ ಮಹಿಳೆಯರ ಪತ್ರಿಕೆಯಲ್ಲಿ. ನೋಟೊ ಪರ್ಯಾಯದ್ವೀಪದ ತುತ್ತತುದಿಯ ಹಳ್ಳಿಯಿಂದ ಟೋಕಿಯೋಗೆ ಓದಲು ಬರುವ ಹುಡುಗಿಯ ಕಥೆ ‘ಸ್ಕಿಪ್ ಆ್ಯಂಡ್ ಲೋಫರ್’ ಬರುವುದು ‘ಆಫ್ಟರ್‌ನೂನ್’ ಎಂಬ, ಅದೂ ದೊಡ್ಡವರದೇ ಆದ ಪತ್ರಿಕೆಯಲ್ಲಿ. ಅಂದರೆ ಶಾಲಾ ಸಮವಸ್ತ್ರ ತೊಟ್ಟವರ ಕಥೆಯನ್ನು ಸಂಸಾರಸ್ಥರಿಗೆಂದೇ ಬರೆದು ಮಾರುವುದು ಅಲ್ಲಿ ಗುಟ್ಟಿನ ವ್ಯವಹಾರವಲ್ಲ. ನೀವು ಓದಿದ್ದು ಹುಡುಗಿಯರ ಪತ್ರಿಕೆಯದೇ ನಿಜ. ಆದರೆ ಅದನ್ನು ಬರೆದು ಚಿತ್ರಿಸಿದ ಷೀನಾ 1975ರಲ್ಲಿ ಹುಟ್ಟಿದವರು. ಆರಂಭಿಸುವಾಗ ಮೂವತ್ತರ ಹೊಸ್ತಿಲಲ್ಲಿದ್ದರು, ಮುಗಿಸುವಾಗ ನಲವತ್ತು ದಾಟಿದ್ದರು. ಸವಾಕೊಳ ಮೂರು ವರ್ಷದ ಶಾಲಾಜೀವನವನ್ನು ಒಬ್ಬ ಹೆಂಗಸು ತನ್ನ ಆಯುಸ್ಸಿನ ಹನ್ನೆರಡು ವರ್ಷ ಸವೆಸಿ ಬರೆದಿದ್ದಾಳೆ. ಬರೆದವಳಿಗಿಲ್ಲದ ನಾಚಿಕೆಯನ್ನು ಓದಿದವರು ಹೊರುವುದು ಯಾವ ನ್ಯಾಯ?

ಹಾಗೆಂದು ಇದು ಸದಾ ಹೀಗಿತ್ತೆಂದಲ್ಲ. ಯುದ್ಧಾನಂತರದ ಮೊದಲ ವರ್ಷಗಳಲ್ಲಿ ಹುಡುಗಿಯರ ಮಾಂಗಾವನ್ನು ಬಹುತೇಕ ಗಂಡಸರೇ ಬರೆಯುತ್ತಿದ್ದರು. ಅರವತ್ತರ ದಶಕದಲ್ಲಿ ಪತ್ರಿಕೆಗಳು ಓದುಗರಿಂದಲೇ ಕಥೆ ಆಹ್ವಾನಿಸತೊಡಗಿದಾಗ ಓದುವ ಹುಡುಗಿಯರೇ ಬರೆಯುವವರಾದರು. ಮಚಿಕೊ ಸತೊನಾಕಾ 1964ರಲ್ಲಿ ಹೊಸಬರ ಬಹುಮಾನ ಪಡೆದು ಬಂದಾಗ ಅವರಿಗೆ ಹದಿನಾರು ವರ್ಷ. ಆ ಪೀಳಿಗೆ ವಯಸ್ಸಾದಂತೆ ಬರವಣಿಗೆ ಬಿಡಲಿಲ್ಲ, ಅವರನ್ನು ಓದಿದವರೂ ಓದು ಬಿಡಲಿಲ್ಲ. ಹೆಂಗಸರಿಗೆಂದೇ ಬೇರೆ ಪತ್ರಿಕೆಗಳು ಹುಟ್ಟಿಕೊಂಡವು. ನಿಮ್ಮಂಥ ಓದುಗರು ಈ ಮನೆಗೆ ತಡವಾಗಿ ಬಂದ ನೆಂಟರಲ್ಲ.

‘ಚಿಹಾಯಾಫುರು’ ಹೆಸರು ಬಂದದ್ದರಿಂದ ಒಂದು ಉಪಕಥೆ. ಆ ಆಟದ ಎಲೆಗಳ ಮೇಲಿರುವುದು ಹದಿಮೂರನೆಯ ಶತಮಾನದಲ್ಲಿ ಫುಜಿವಾರಾ ನೊ ತೇಯಿಕಾ ಸಂಕಲಿಸಿದ ನೂರು ಕವಿಗಳ ನೂರು ಪದ್ಯಗಳು. ಅವುಗಳಲ್ಲಿ 43 ಪ್ರೇಮಪದ್ಯಗಳು. ಒಂದರ ಭಾವ ಹೀಗಿದೆ: ಎಷ್ಟು ಅಡಗಿಸಿದರೂ ನನ್ನ ಪ್ರೇಮ ಮುಖದಲ್ಲಿ ಎದ್ದು ಕಾಣುತ್ತಿದೆ, ಏನೋ ಚಿಂತೆಯಲ್ಲಿದ್ದೀಯಲ್ಲ ಎಂದು ಜನ ಕೇಳುವಷ್ಟು. ಇದನ್ನು ತಾಇರಾ ನೊ ಕನೆಮೊರಿ ಬರೆದದ್ದು 960ರಲ್ಲಿ, ಮುರಾಕಾಮಿ ಚಕ್ರವರ್ತಿಯ ಆಸ್ಥಾನದ ಕಾವ್ಯಸ್ಪರ್ಧೆಗಾಗಿ. ಕೊಟ್ಟ ವಿಷಯ ಪ್ರೇಮ. ಎದುರಾಳಿಯ ಪದ್ಯವೂ ಗುಟ್ಟಾದ ಪ್ರೇಮದ್ದೇ. ಯಾವುದು ಮೇಲೆಂದು ತೀರ್ಪುಗಾರರು ಹೇಳಲಾರದೆ ಕೂತಿದ್ದಾಗ ಚಕ್ರವರ್ತಿ ಕನೆಮೊರಿಯ ಪದ್ಯವನ್ನು ಮೆಲ್ಲಗೆ ಗುನುಗಿದನೆಂದೂ ಅದರಿಂದಲೇ ಅದು ಗೆದ್ದಿತೆಂದೂ ಪ್ರತೀತಿ. ಅಧಿಕಾರಸ್ಥ ಗಂಡಸರು ದರ್ಬಾರಿನ ಪೋಷಾಕು ತೊಟ್ಟು ಕೂತು, ಹೇಳಲಾರದ ಮೊದಲ ಪ್ರೇಮದ ಕೆಂಪೇರಿದ ಮುಖವನ್ನು ತೂಗಿ ನೋಡುತ್ತಿದ್ದ ಆ ದೃಶ್ಯವನ್ನು ನಿಮ್ಮ ಯಜಮಾನರಿಗೆ ದಯವಿಟ್ಟು ವಿವರಿಸಿ.

ಇನ್ನು ಓದಿನ ಸುಖದ ವಿಚಾರ. ಈ ಬಗೆಯ ಮಾಂಗಾದ ಪುಟ ಹೇಗಿರುತ್ತದೆಂದು ಗಮನಿಸಿದ್ದೀರಷ್ಟೆ. ಬಲದಿಂದ ಎಡಕ್ಕೆ ಓದಬೇಕು. (ಮೊದಲ ಪುಸ್ತಕವನ್ನು ನಾನು ಕೊನೆಯಿಂದ ಆರಂಭಿಸಿ, ಎರಡು ಪುಟ ಕಳೆದ ಮೇಲೆ ಇವರು ಬೇರೆಯಾಗುವುದನ್ನೇ ಮೊದಲು ಹೇಳುತ್ತಾರೆಂದು ಮೆಚ್ಚಿಕೊಂಡಿದ್ದೆ.) ಮೇಲೊಂದು ಚೌಕದಲ್ಲಿ ಶೂ ಇಡುವ ಗೂಡುಗಳ ಸಾಲು. ಅದರ ಕೆಳಗೆ ಚೌಕದ ಗೆರೆಗಳೇ ಮಾಯ. ಬಿಳಿಯ ಹಾಳೆಯ ಮೇಲೆ ಅರ್ಧ ಮುಖ, ಕೆಳಗಿಳಿದ ರೆಪ್ಪೆ. ಮಾತಿನ ಗುಳ್ಳೆಯ ಹೊರಗೆ, ಯಾರಿಗೂ ಕೇಳಿಸದಂತೆ ತೇಲುವ ಎರಡು ಸಾಲು: ಅದು ಅವಳ ಒಳಮಾತು. ಪುಟ ತಿರುವಿದರೆ ಅವನ ಬೆನ್ನು, ಬ್ಯಾಗಿನ ಪಟ್ಟಿ ಹಿಡಿದ ಬೆರಳು, ಮತ್ತೆ ಬಿಳಿ. ಆಗಿದ್ದೇನೆಂದರೆ ಒಬ್ಬಳು ‘ನಾಳೆ ಸಿಗೋಣ’ ಎನ್ನಬೇಕೆಂದುಕೊಂಡು ಅನ್ನಲಿಲ್ಲ. ಅದಕ್ಕೆ ನಾಲ್ಕು ಪುಟ. ನಿಮ್ಮ ಕೌಂಟರಿನಲ್ಲಿ ಗೃಹಸಾಲದ ಅರ್ಜಿಯೊಂದಕ್ಕೂ ಇಷ್ಟು ವ್ಯವಧಾನ ಸಿಗಲಾರದು. ನಲವತ್ತರಲ್ಲಿ ಬದುಕು ಕೆಲಸಗಳ ಪಟ್ಟಿಯಾಗಿ ಹೋಗಿರುತ್ತದೆ. ಒಂದು ಭಾವ ಹುಟ್ಟಿ, ಅದಕ್ಕೆ ಹೆಸರಿಡುವಷ್ಟರಲ್ಲಿ ಕುಕ್ಕರಿನ ಮೂರನೆಯ ಸೀಟಿ ಕೂಗುತ್ತದೆ. ಅಷ್ಟು ಸಣ್ಣ ಸಂಗತಿಗೆ ಇಷ್ಟು ದೊಡ್ಡ ಜಾಗ ಬಿಟ್ಟುಕೊಡುವ ಪುಟವನ್ನು ಕಂಡಾಗ ಹದಿಹರೆಯದವರಿಗಿಂತ ನಿಮಗೇ ಹೆಚ್ಚು ಆಶ್ಚರ್ಯವಾಗುತ್ತದೆ, ಏಕೆಂದರೆ ಅವರಿಗೆ ಅಂಥ ಜಾಗ ಇನ್ನೂ ಉಳಿದಿದೆ.

‘ನನ್ನ ಕಳೆದುಹೋದ ದಿನಗಳ ಹಂಬಲವೇ ಇದು?’ ಎಂದು ಕೇಳಿದ್ದೀರಿ. ಆ ಪದವನ್ನು ನಾನು ಒಪ್ಪಲಾರೆ. ಕಳೆದುಹೋಗಬೇಕಾದರೆ ಮೊದಲು ಕೈಯಲ್ಲಿ ಇರಬೇಕು. ನಿಮ್ಮ ಕಾಲೇಜಿನಲ್ಲಿ ಹುಡುಗಿಯರ ಬೆಂಚು ಎಡಕ್ಕೆ, ಹುಡುಗರದು ಬಲಕ್ಕೆ. ಎರಡು ವರ್ಷದಲ್ಲಿ ನೀವು ಒಬ್ಬ ಹುಡುಗನೊಡನೆ ಆಡಿದ ಒಟ್ಟು ಮಾತು ರಸಾಯನಶಾಸ್ತ್ರದ ರೆಕಾರ್ಡ್ ಪುಸ್ತಕ ಹಿಂದಿರುಗಿಸುವಾಗಿನ ಮೂರು ಪದ ಎಂದು ನೀವೇ ಬರೆದಿದ್ದೀರಿ. ನಮ್ಮ ಓದಿನಲ್ಲೂ ಆ ವಯಸ್ಸಿಗೆ ಜಾಗವಿರಲಿಲ್ಲ. ಕನ್ನಡಿಗರ ಬಾಯಲ್ಲಿ ಇಂದಿಗೂ ನಲಿಯುವ ಪ್ರೇಮಗೀತೆಗಳ ಸಂಕಲನ, 1942ರ ‘ಮೈಸೂರು ಮಲ್ಲಿಗೆ’, ಮುಖ್ಯವಾಗಿ ದಾಂಪತ್ಯದ ಒಲವಿನದು. ಅಲ್ಲಿ ಪ್ರೇಮ ಎಂಬುದು ತವರು, ಬಳೆಗಾರ, ಮಾವನ ಮನೆಗಳ ನಡುವೆ ಅರಳುತ್ತದೆ. ವಾರಪತ್ರಿಕೆಗಳಲ್ಲಿ ನಿಮ್ಮ ತಾಯಿ, ನನ್ನ ಅತ್ತೆಯಂದಿರು ಕಾದು ಓದಿದ ಧಾರಾವಾಹಿಗಳ ನಾಯಕಿಯೂ ಸಾಮಾನ್ಯವಾಗಿ ಮದುವೆಯ ವಯಸ್ಸಿಗೆ ಬಂದ ಮೇಲೆಯೇ ಕಥೆಯೊಳಗೆ ಕಾಲಿಡುತ್ತಿದ್ದಳು. ಹದಿನಾರರ ತಡವರಿಕೆ, ಯಾವ ಗುರಿಯೂ ಇಲ್ಲದ, ಮದುವೆಗೆ ಹೋಗಿ ಮುಟ್ಟಲೇಬೇಕಿಲ್ಲದ ಆ ತಡವರಿಕೆ, ನಮ್ಮಲ್ಲಿ ಬೈಗುಳಕ್ಕೋ ತಮಾಷೆಗೋ ವಸ್ತುವಾಯಿತೇ ಹೊರತು ಮೂವತ್ತು ಸಂಪುಟಗಳ ಗಂಭೀರ ವಿಷಯವಾಗಲಿಲ್ಲ. ನೀವು ನೆನಪು ಮಾಡಿಕೊಳ್ಳುತ್ತಿಲ್ಲ; ಮೊದಲ ಸಲ ನೋಡುತ್ತಿದ್ದೀರಿ. ಜಪಾನಿನ ಓದುಗರಲ್ಲೂ ಹಲವರ ಶಾಲಾದಿನಗಳು ಹೀಗೆ ಚೆರ್ರಿ ಹೂವಿನ ಕೆಳಗೆ ನಡೆದಿರಲಾರವು ಎಂದು ನನ್ನ ಊಹೆ.

ಆದರೂ ಒಂದು ವಿಷಯದಲ್ಲಿ ಕನ್ನಡದ ಓದುಗರು ಇಂಗ್ಲಿಷಿನಲ್ಲೇ ಬೆಳೆದವರಿಗಿಂತ ಮುಂದಿದ್ದಾರೆ. ಈ ಕಥೆಗಳಲ್ಲಿ ಹೆಸರು ಹಿಡಿದು ಕರೆಯುವುದೇ ಒಂದು ಘಟನೆ. ಕಜೆಹಾಯಾ ಅವಳನ್ನು ಬಹುಕಾಲ ‘ಕುರೋನುಮಾ’ ಎಂದು ಮನೆತನದ ಹೆಸರಿನಿಂದಲೇ ಕರೆಯುತ್ತಾನೆ. ಅವಳು, ಹುಡುಗರ ಹೆಸರಿನ ಕೊನೆಗೆ ಹಚ್ಚುವ ‘ಕುನ್’ ಸೇರಿಸಿ, ‘ಕಜೆಹಾಯಾ-ಕುನ್’ ಎನ್ನುತ್ತಾಳೆ. ಸ್ವಂತ ಹೆಸರಿಗೆ ದಾಟುವುದು ಹೊಳೆ ದಾಟಿದಷ್ಟು ದೊಡ್ಡದು. ಇಂಗ್ಲಿಷ್ ಅನುವಾದ ಓದಿದ ಎಷ್ಟೋ ಮಂದಿಗೆ ಇದರಲ್ಲೇನಿದೆ ಎನ್ನಿಸಬಹುದು. ನಮಗೆ ಹಾಗಲ್ಲ. ‘ನೀವು’ ಎನ್ನುತ್ತಿದ್ದವರು ‘ನೀನು’ ಎಂದ ದಿನ ನಮಗೆ ನೆನಪಿರುತ್ತದೆ. ಗಂಡನ ಹೆಸರನ್ನು ಜೀವಮಾನವಿಡೀ ಬಾಯಲ್ಲಿ ಆಡದೆ ‘ರೀ’, ‘ನಮ್ಮನೆಯವರು’ ಎಂದೇ ಸಾಗಿಸಿದ ಅಜ್ಜಿಯರ ಮೊಮ್ಮಕ್ಕಳು ನಾವು. ಮದುವೆ ಮನೆಯ ಒಡಪನ್ನು ನೆನಪಿಸಿಕೊಳ್ಳಿ. ಹೊಸ್ತಿಲಲ್ಲಿ ನಾದಿನಿಯರು ಅಡ್ಡ ನಿಂತಿದ್ದಾರೆ. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ಮದುಮಗಳು ತಲೆ ತಗ್ಗಿಸಿ, ತೆಂಗಿನ ಕಾಯನ್ನೋ ತುಳಸಿಕಟ್ಟೆಯನ್ನೋ ಪ್ರಾಸಕ್ಕೆ ಹಿಡಿದು, ಎರಡು ಸಾಲು ಕಟ್ಟಿ, ಆ ಹೆಸರನ್ನು ಕೊನೆಯಲ್ಲಿ ಬಚ್ಚಿಟ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಳ್ಳುತ್ತಾಳೆ. ಒಂದು ಹೆಸರಿನ ಸುತ್ತ ಇಷ್ಟು ಸಡಗರ ಮಾಡಿದ ಜನಕ್ಕೆ ಸವಾಕೊಳ ಗಂಟಲು ಕಟ್ಟುವುದು ಅರ್ಥವಾಗದೆ ಇದ್ದೀತೇ? ಅಂದಹಾಗೆ ಕುರುಮಿ ಎಂಬುದು ಅವಳ ನಿಜವಾದ ಹೆಸರಲ್ಲ. ಕುರುಮಿಜಾವಾ ಎಂಬ ಮನೆತನದ ಹೆಸರನ್ನು ಮೊಟಕು ಮಾಡಿಕೊಂಡದ್ದು. ಉಮೆ ಎಂಬ ಸ್ವಂತ ಹೆಸರು ಹಳೆಯ ಕಾಲದ್ದೆಂದು ಅದನ್ನು ಅಡಗಿಸಿಕೊಂಡಿದ್ದಾಳೆ. ಅಜ್ಜಿಯ ಹೆಸರಿಟ್ಟಿದ್ದಾರೆಂದು ಕಾಲೇಜಿನಲ್ಲಿ ಬರೀ ಇನಿಷಿಯಲ್‌ನಿಂದ ಬದುಕಿದ ಪುಟ್ಟತಾಯಮ್ಮಂದಿರು ನಮ್ಮಲ್ಲೂ ಇದ್ದಾರೆ.

ಎರಡನೆಯ ಪ್ರಶ್ನೆ ಹಗುರವಾದುದಲ್ಲ. ಎಳೆಯರ ಪ್ರೇಮ ಎಂಬ ಹೆಸರಿನಲ್ಲಿ ಎಳೆಯರನ್ನು ದೊಡ್ಡವರ ಕಣ್ಣಿಗೆ ತಿನಿಸಾಗಿ ಬಡಿಸುವ ಮಾಂಗಾಗಳೂ ಇವೆ. ಅವುಗಳ ಪರವಾಗಿ ನಾನು ಒಂದು ಅಕ್ಷರವನ್ನೂ ಬರೆಯಲಾರೆ. ವ್ಯತ್ಯಾಸ ತಿಳಿಯಲು ನಾನು ನೋಡುವುದು ಒಂದನ್ನೇ: ಪುಟ ಯಾರ ಕಣ್ಣಿನ ಹಿಂದೆ ನಿಂತಿದೆ? ನೀವು ಓದಿದ ಕಥೆ ಹುಡುಗಿಯ ಕಣ್ಣಿನ ಹಿಂದೆ ನಿಂತು ಲೋಕವನ್ನು ನೋಡುತ್ತದೆ. ಗುಳ್ಳೆಯ ಹೊರಗೆ ತೇಲುವ ಆ ಸಾಲುಗಳು ಅವಳವು. ಪುಟ ಅವಳ ಎದುರಿಗೆ ಬಂದು ನಿಂತು ಅವಳನ್ನೇ ನೋಡತೊಡಗಿದರೆ ಪುಸ್ತಕ ಮುಚ್ಚಿಡಬೇಕು. ಹುಡುಗಿಯರ ಪತ್ರಿಕೆಗಳಲ್ಲೇ ಬಂದ ಕಥೆಗಳಿಗೂ ಈ ಮಾತು ಅನ್ವಯಿಸುತ್ತದೆ. ಶಿಕ್ಷಕ ಮತ್ತು ವಿದ್ಯಾರ್ಥಿನಿಯ ಪ್ರೇಮ ಅಲ್ಲಿ ಬಹುಕಾಲ ಕನಸಿನಂತೆ ಚಿತ್ರಿತವಾಯಿತು. 2022ರ ಏಪ್ರಿಲ್‌ವರೆಗೆ ಹೆತ್ತವರ ಒಪ್ಪಿಗೆಯಿದ್ದರೆ ಹದಿನಾರರ ಹುಡುಗಿ ಮದುವೆಯಾಗಬಹುದೆಂದು ಕಾನೂನೇ ಹೇಳುತ್ತಿದ್ದ ದೇಶದಲ್ಲಿ ಆ ಕನಸಿಗೆ ಆಸರೆಯೂ ಇತ್ತು. ಹುಡುಗಿಯನ್ನು ಗೋಡೆಗೆ ಒತ್ತರಿಸಿ, ತಲೆಯ ಪಕ್ಕದಲ್ಲಿ ಧಡ್ಡನೆ ಕೈಯೂರಿ ಮಾತಾಡುವ ನಾಯಕನ ಭಂಗಿ ಎಷ್ಟು ಹಬ್ಬಿತೆಂದರೆ ‘ಕಬೆದೊನ್’ ಎಂಬ ಅದರ ಹೆಸರು 2014ರಲ್ಲಿ ಜಪಾನಿನ ಆ ವರ್ಷದ ಹತ್ತು ಜನಪ್ರಿಯ ನುಡಿಗಳಲ್ಲಿ ಸೇರಿತು. ಹದಿನಾರರ ಓದುಗರಿಗೆ ಇದು ರೋಮಾಂಚನ ತರಬಹುದು. ನಿಮಗೆ ಮೊದಲು ತೋಚುವುದು ಆ ಹುಡುಗಿ ಅಲ್ಲಿಂದ ಹೇಗೆ ಹೊರಬರಬೇಕು ಎಂಬುದು. ವಯಸ್ಸಾದ ಓದುಗರು ಈ ಕಥೆಗಳಿಗೆ ಬೇಕು ಎನ್ನಲು ಇದೂ ಒಂದು ಕಾರಣ. ಕಜೆಹಾಯಾ ಅಂಥವನಲ್ಲ, ಅವನ ಮೇಲಿರುವ ನನ್ನ ಆಕ್ಷೇಪವೆಲ್ಲ ಅವನು ಅತಿಯಾಗಿ ಒಳ್ಳೆಯವನು ಎಂಬುದೇ. ಜೊತೆಗೆ, ಇಪ್ಪತ್ತರ ಆಸುಪಾಸಿನ ಸಂಪುಟಗಳಲ್ಲಿ ಒಂದೇ ತಪ್ಪುಗ್ರಹಿಕೆಯನ್ನು ಹಿಂಜಿ ಹಿಂಜಿ ನೂಲು ತೆಗೆದಿದ್ದಾರೆಂದು ನನಗನ್ನಿಸಿತು. ನೀವು ಆ ಬಗ್ಗೆ ಏನೂ ಬರೆದಿಲ್ಲ. ತಾಳ್ಮೆಯಲ್ಲಿ ನೀವು ನನಗಿಂತ ಮೇಲು.

ಯಜಮಾನರ ನಗೆಯ ವಿಚಾರಕ್ಕೆ ಹೆಚ್ಚು ಮಹತ್ವ ಕೊಡುವುದಿಲ್ಲ. ಹುಡುಗನಾಗಿದ್ದಾಗ ಅತ್ತೆಯ ಪರವಾಗಿ ಬಾಡಿಗೆ ಪುಸ್ತಕದಂಗಡಿಗೆ ಹೋಗುತ್ತಿದ್ದೆ. ಒಂದು ದಿನ ನನಗಾಗಿಯೇ ಅಂಥದೊಂದು ಕಾದಂಬರಿ ಕೇಳಿದಾಗ, ಅಂಗಡಿಯಾತ ‘ಅದು ಹೆಂಗಸರದ್ದು ಕಣೋ’ ಎಂದು ಎಲ್ಲರೆದುರು ಹೇಳಿ ಪತ್ತೇದಾರಿ ಪುಸ್ತಕ ಕೈಗಿಟ್ಟ. ಮನೆಗೆ ಬಂದು ಅತ್ತೆಯ ಪುಸ್ತಕವನ್ನು ಗಣಿತದ ನೋಟ್‌ಬುಕ್ಕಿನೊಳಗಿಟ್ಟು ಓದಿದೆ. ನಿಮ್ಮ ನಡುರಾತ್ರಿಯ ಓದಿನ ಬಗ್ಗೆ ತೀರ್ಪು ಕೊಡುವ ನೈತಿಕ ಅಧಿಕಾರ ನನಗೆ ಎಷ್ಟಿದೆಯೆಂದು ಇದರಿಂದ ನೀವೇ ತಿಳಿಯಿರಿ.

ಮಗಳಿಗೆ ಹೇಳಬೇಕೇ ಎಂಬುದು ಉಳಿಯಿತು. ಹೇಳಿ, ಆದರೆ ಬೇಗ ಹೇಳಿ. ಅವಳಿಗೆ ಈಗಾಗಲೇ ತಿಳಿದಿರುವ ಸಂಭವವೇ ಹೆಚ್ಚು, ಏಕೆಂದರೆ ಮೂವತ್ತು ಸಂಪುಟ ಕೂಡಿಟ್ಟವರಿಗೆ ಯಾವುದರ ಬೆನ್ನು ಎಷ್ಟು ಬಾಗಿದೆಯೆಂಬುದು ಗೊತ್ತಿರುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಈ ಪುಸ್ತಕಗಳನ್ನು ಮಗಳ ಮನಸ್ಸಿಗೆ ಕಿಂಡಿ ಮಾಡಿಕೊಳ್ಳಬೇಡಿ. ‘ನಿನ್ನ ಕಾಲೇಜಿನಲ್ಲೂ ಕಜೆಹಾಯಾ ಇದ್ದಾನೆಯೇ’ ಎಂಬ ಪ್ರಶ್ನೆ ಬಾಯಿಗೆ ಬಂದರೆ ನುಂಗಿಕೊಳ್ಳಿ. ಕುರುಮಿಯ ವಿಚಾರದಲ್ಲಿ ಜಗಳ ಶುರುಮಾಡಿ. ಅವಳು ಖಳನಾಯಕಿ ಎಂದು ಮಗಳು ವಾದಿಸಲಿ, ನೀವು ಒಪ್ಪಬೇಡಿ. ಜಪಾನಿನಲ್ಲೇ 2017ರಿಂದ 2020ರವರೆಗೆ ಐದು ಸಂಪುಟಗಳಲ್ಲಿ ಬಂದ ‘ಮೆಟಮೊರ್ಫೋಸೆ ನೊ ಎಂಗಾವಾ’ ಎಂಬ ಮಾಂಗಾ ಇದೆ. ಅದರಲ್ಲಿ 75 ವರ್ಷದ ವಿಧವೆಯೊಬ್ಬಳು ಮುಖಪುಟದ ಚಿತ್ರ ಚೆನ್ನಾಗಿದೆಯೆಂದು ಹರೆಯದ ಹುಡುಗರಿಬ್ಬರ ಪ್ರೇಮದ ಮಾಂಗಾ ಕೊಂಡು ಓದಿ, ಮುಂದಿನ ಸಂಪುಟಕ್ಕಾಗಿ ಅಂಗಡಿಗೆ ಮರಳುತ್ತಾಳೆ. ಅಲ್ಲಿ ಕೆಲಸ ಮಾಡುವ, ಅದೇ ಕಥೆಗಳನ್ನು ಗುಟ್ಟಾಗಿ ಓದುವ 17ರ ಹುಡುಗಿಗೂ ಅವಳಿಗೂ ಸ್ನೇಹವಾಗುತ್ತದೆ. ಇಬ್ಬರೂ ಜಗಲಿಯಲ್ಲಿ ಕೂತು ಪಾತ್ರಗಳ ಬಗ್ಗೆ ಹರಟುತ್ತಾರೆ. ಮುದುಕಿ ಹುಡುಗಿಗೆ ಉಪದೇಶ ಮಾಡುವುದಿಲ್ಲ. ಒಂದೊಂದು ಸಂಪುಟ ಬರಲು ಇಷ್ಟು ಕಾಲ ಹಿಡಿದರೆ ತನ್ನ ಆಯುಸ್ಸಿನಲ್ಲಿ ಇನ್ನೆಷ್ಟು ಓದಬಹುದೆಂದು ಲೆಕ್ಕ ಹಾಕುತ್ತಾಳೆ.

ನಿಮಗೆ ಆ ಲೆಕ್ಕ ಇನ್ನೂ ಬೇಕಿಲ್ಲ. ಆದರೆ ಒಂದು ಸುದ್ದಿಯನ್ನು ಕೊನೆಗೆಂದು ಇಟ್ಟುಕೊಂಡಿದ್ದೆ: ಷೀನಾ ಅವರು ಮೂಲ ಕಥೆ ಮುಗಿದ ಮರುವರ್ಷವೇ ಕುರುಮಿಯನ್ನು ನಾಯಕಿಯಾಗಿಟ್ಟು, ಅವಳ ಕಾಲೇಜು ದಿನಗಳ ಕಥೆಯನ್ನು ಬೇರೆಯಾಗಿ ಬರೆಯತೊಡಗಿದರು, ಅದು 2022ರಲ್ಲಿ ಮುಗಿದಿದೆ. ನಿಮ್ಮ ಮಗಳ ಕಪಾಟಿನಲ್ಲಿ ಅದು ಇರುವುದಾಗಿ ನೀವು ಬರೆದಿಲ್ಲ. ಅವಳು ಖಳನಾಯಕಿಯ ಕಥೆಗೆ ದುಡ್ಡು ಹಾಕುವವಳಲ್ಲವೆಂದು ತೋರುತ್ತದೆ. ಈ ಸಲ ನೀವೇ ತರಿಸಿ, ಮೊದಲು ನೀವೇ ಓದಿ, ಹಗಲು ಹೊತ್ತಿನಲ್ಲಿ ನಡುಮನೆಯ ಮೇಜಿನ ಮೇಲೆ ಇಡಿ.

— ಸಂಪಾದಕ